ಹಳೆಯ ಸ್ಪೋರ್ಟ್‌ಫಿಷಿಂಗ್ ಬೋಟಿನ ಕೊಳೆತ ಡೆಕ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳೆದದ್ದು ಮಲ್ಪೆಯ ಹತ್ತಿರ, ಈಗ ಇರುವುದು ಫ್ಲಾರಿಡಾದ ಪೂರ್ವ ಕರಾವಳಿಯಲ್ಲಿ. 1979ರಲ್ಲಿ ಕಟ್ಟಿದ 31 ಅಡಿಯ ಬೋಟೊಂದರ ಕಾಕ್‌ಪಿಟ್ (ಹಿಂಬದಿಯಲ್ಲಿ ನಿಂತು ಮೀನು ಹಿಡಿಯುವ ತಗ್ಗು ಜಾಗ) ಡೆಕ್ಕನ್ನು ಪೂರ್ತಿ ಕಿತ್ತು ಹೊಸದಾಗಿ ಕಟ್ಟಿದೆ. ಅಂದಿನಿಂದ, ಇಲ್ಲಿ ಹಳೆಯ ಬೋಟು ಕೊಂಡಿರುವ ಕನ್ನಡದ ಗೆಳೆಯರೂ ಊರಿನ ನೆಂಟರೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಇಲ್ಲಿ ಇಟ್ಟಿದ್ದೇನೆ. ಒಂದೊಂದು ಉತ್ತರವನ್ನೂ ಬೇರೆಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದದ್ದು

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ ಎಂದು ಹೇಳಿ ಮಾರಿದರು. ಈಗ ಡೆಕ್ ಮೇಲೆ ನಿಂತರೆ ಕಾಲು ಕುಸಿದಂತಾಗುತ್ತದೆ. ಹೇಗೆ ಸಾಧ್ಯ?

ಗಾಜಿನ ನಾರು ಕೊಳೆಯುವುದಿಲ್ಲ, ಅದು ನಿಜ. ಕೊಳೆತಿರುವುದು ಅದರ ಹೊಟ್ಟೆಯೊಳಗಿನ ಮರ.

ಹಳೆಯ ಬೋಟುಗಳ ಡೆಕ್ ಒಂದೇ ಗಟ್ಟಿ ಹಾಳೆಯಲ್ಲ. ಮೇಲೊಂದು ಫೈಬರ್ ಹೊದಿಕೆ, ಕೆಳಗೊಂದು ಹೊದಿಕೆ, ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಮರದ ತಿರುಳು. ಎರಡು ಹೊದಿಕೆಗಳನ್ನು ದೂರ ಹಿಡಿದಿಡುವುದು ತಿರುಳಿನ ಕೆಲಸ. ಆ ಅಂತರದಿಂದಲೇ ಡೆಕ್ಕಿಗೆ ಬಿಗುವು ಬರುತ್ತದೆ. ತಿರುಳು ಹಿಟ್ಟಾದರೆ ಉಳಿಯುವುದು ಎರಡು ತೆಳು ಹಾಳೆಗಳು ಮಾತ್ರ. ಅವು ಕಾಲಿನ ಕೆಳಗೆ ಬಾಗುತ್ತವೆ.

ಅಮೆರಿಕದಲ್ಲಿ ದೊಡ್ಡ ಮೀನಿಗೆ ಗಾಳ ಹಾಕುವ ಬೋಟುಗಳು ಫೈಬರ್‌ಗ್ಲಾಸಿಗೆ ತಿರುಗಿದ್ದು 1960ರ ಆಸುಪಾಸಿನಲ್ಲಿ. ವಿಲ್ಲಿಸ್ ಸ್ಲೇನ್ ಉತ್ತರ ಕ್ಯಾರೊಲಿನಾದಲ್ಲಿ ಕಟ್ಟಿಸಿದ 41 ಅಡಿಯ ಮೊದಲ ಹ್ಯಾಟರಸ್ ಬೋಟು ನೀರಿಗಿಳಿದದ್ದು 1960ರಲ್ಲಿ. ಅದೇ ವರ್ಷ ಮಯಾಮಿ–ನಸಾವು ಬೋಟು ಪಂದ್ಯವನ್ನು ಗೆದ್ದ ‘ಮಾಪ್ಪಿ’ ಎಂಬ ಬೋಟಿನಿಂದ ಬರ್ಟ್ರಮ್ 31 ಮಾದರಿ ಹುಟ್ಟಿತು; ಆಳವಾದ ವಿ ಆಕಾರದ ಆ ಒಡಲನ್ನು ರೂಪಿಸಿದವರು ರೇ ಹಂಟ್. ಆ ಕಾಲದವರು ಒಡಲನ್ನು ದಪ್ಪವಾಗಿಯೇ ಹಾಕುತ್ತಿದ್ದರು. ಹಾಗಾಗಿ ಐವತ್ತು ವರ್ಷ ದಾಟಿದ ಎಷ್ಟೋ ಒಡಲುಗಳು ಇಂದಿಗೂ ಗಟ್ಟಿಯಾಗಿವೆ, ಅವುಗಳ ಡೆಕ್ ಮಾತ್ರ ಲಡ್ಡಾಗಿದೆ. ಡೆಕ್ ಬದಲಿಸುವ ಶ್ರಮಕ್ಕೆ ಬೆಲೆ ಇರುವುದು ಈ ಕಾರಣದಿಂದಲೇ.

ಸಮುದ್ರದ ನೀರು ನುಗ್ಗಿ ಕೊಳೆತಿರಬೇಕು, ಅಲ್ಲವೇ?

ಹೆಚ್ಚಿನ ಸಲ ಅಲ್ಲ. ಮರ ಕುಂಬಾಗುವುದು ಮಳೆ ನೀರಿನಿಂದ, ಮತ್ತು ಮನೆಗೆ ಬಂದ ಮೇಲೆ ನಾವು ಪ್ರೀತಿಯಿಂದ ತೊಳೆಯುವ ಸಿಹಿ ನೀರಿನಿಂದ. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಒಗ್ಗುವುದಿಲ್ಲ. ಹಿಂದಿನ ಮರದ ಹಡಗುಗಳಲ್ಲಿ ಪಕ್ಕೆಲುಬುಗಳ ನಡುವೆ ಉಪ್ಪನ್ನು ತುಂಬಿಸಿಡುತ್ತಿದ್ದದ್ದು ಇದಕ್ಕಾಗಿಯೇ. ಆ ಶಿಲೀಂಧ್ರಕ್ಕೆ ಬೇಕಾದದ್ದು ತೇವ, ಗಾಳಿ, ಹಿತವಾದ ಬಿಸಿ. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು; ಶೇಕಡಾ 30ರ ಹತ್ತಿರ ಹೋದರೆ ಹಬ್ಬತೊಡಗುತ್ತದೆ. ಎರಡು ಫೈಬರ್ ಹಾಳೆಗಳ ನಡುವೆ ಸಿಕ್ಕಿಕೊಂಡ ನೀರು ಆವಿಯಾಗಿ ಹೋಗಲು ದಾರಿಯೇ ಇಲ್ಲ. ಫ್ಲಾರಿಡಾದ ಮೇಯಿಂದ ಅಕ್ಟೋಬರ್‌ವರೆಗಿನ ಮಳೆಯೂ ಸೆಕೆಯೂ ನಮ್ಮ ಕರಾವಳಿಯ ಮಳೆಗಾಲದಷ್ಟೇ ಆ ಶಿಲೀಂಧ್ರಕ್ಕೆ ಪ್ರಿಯ.

ನೀರು ಒಳಗೆ ಹೋಗುವ ದಾರಿ ಸ್ಕ್ರೂ ತೂತು. ಹಗ್ಗ ಕಟ್ಟುವ ಕ್ಲೀಟ್, ಗಾಳದ ಕೋಲನ್ನು ನಿಲ್ಲಿಸುವ ಹೋಲ್ಡರ್, ಹ್ಯಾಚಿನ (ಡೆಕ್ಕಿನ ಕಿಂಡಿಯ ಮುಚ್ಚಳದ) ಕೀಲು, ಕುರ್ಚಿಯ ಬುಡ, ಎತ್ತರದಿಂದ ನೋಡಲು ಹತ್ತುವ ಟವರಿನ ಕಾಲು: ಹೀಗೆ ಡೆಕ್ಕಿಗೆ ಏನನ್ನು ತಿರುಪು ಹಾಕಿ ಕೂರಿಸಿದ್ದರೂ ಅದೊಂದು ಬಾಗಿಲು. ನಾನು ನೋಡಿದ ಕೊಳೆತ ಡೆಕ್ಕುಗಳಲ್ಲೆಲ್ಲ ಕೊಳೆತದ ಕಲೆ ಒಂದು ತೂತಿನ ಸುತ್ತ ಆರಂಭವಾಗಿ ಹರಡಿತ್ತು. ಮುಂದಿನ ಉತ್ತರಗಳಲ್ಲಿ ತೂತಿನ ಮಾತು ಮತ್ತೆ ಬರುತ್ತದೆ. ಅದನ್ನು ಬಿಟ್ಟು ಡೆಕ್ ಬದಲಿಸಿದರೆ ಹತ್ತು ವರ್ಷದಲ್ಲಿ ಇದೇ ಕೆಲಸವನ್ನು ಇನ್ನೊಮ್ಮೆ ಮಾಡಬೇಕಾಗುತ್ತದೆ.

ಕತ್ತರಿಸದೆ, ಎಲ್ಲಿಯವರೆಗೆ ಕೊಳೆತಿದೆ ಎಂದು ತಿಳಿಯುವುದು ಹೇಗೆ?

ತಟ್ಟಿ ನೋಡಿ. ಹಲಸಿನ ಹಣ್ಣನ್ನು ತಟ್ಟಿ ನೋಡುವ ಕಿವಿ ಇದ್ದವರಿಗೆ ಇದು ಬೇಗ ಒಗ್ಗುತ್ತದೆ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ, ಇಲ್ಲವೇ ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗೈಯಗಲಕ್ಕೊಂದು ಪೆಟ್ಟಿನಂತೆ ಇಡೀ ಡೆಕ್ಕನ್ನು ತಟ್ಟುತ್ತ ಹೋಗಿ. ಒಳ್ಳೆಯ ಭಾಗ ‘ಟಕ್’ ಎಂದು ಗಟ್ಟಿಯಾಗಿ ಉತ್ತರಿಸುತ್ತದೆ. ಕೆಟ್ಟ ಭಾಗ ‘ದಬ್’ ಎನ್ನುತ್ತದೆ. ಸದ್ದು ಬದಲಾದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ.

ತೇವಮಾಪಕವೂ ಸಹಾಯಕ್ಕೆ ಬರುತ್ತದೆ, ಆದರೆ ಕೆಳಗೆ ಲೋಹದ ಟ್ಯಾಂಕ್ ಇದ್ದರೆ, ಹೊರಮೈ ಒದ್ದೆಯಾಗಿದ್ದರೆ ಅದು ತಪ್ಪು ಅಂಕಿ ತೋರಿಸುತ್ತದೆ. ಬೋಟನ್ನು ಹಲವು ದಿನ ಬಿಸಿಲಿನಲ್ಲಿ ಒಣಗಿಸಿದ ಮೇಲೆ ಹಿಡಿಯಿರಿ. ಕೊನೆಯ ಮಾತು ಡ್ರಿಲ್ಲಿನದು: ಮರೆಯ ಜಾಗದಲ್ಲಿ, ಕೆಳಗೇನಿದೆ ಎಂದು ಖಚಿತಪಡಿಸಿಕೊಂಡು, ಬಿಟ್‌ಗೆ ತಿರುಳಿನಷ್ಟೇ ಆಳಕ್ಕೆ ಟೇಪ್ ಸುತ್ತಿ ಸಣ್ಣ ತೂತು ಕೊರೆಯಿರಿ. ಒಣಗಿದ ತಿಳಿ ಬಣ್ಣದ ಹೊಟ್ಟು ಬಂದರೆ ಕ್ಷೇಮ. ಕಾಫಿ ಚರಟದಂತಹ ಕಪ್ಪು ಒದ್ದೆ ಹೊಟ್ಟು ಬಂದರೆ ತಿರುಳು ಹೋಗಿದೆ.

ನೀವು ಎಳೆದ ಗೆರೆಗಿಂತ ಕೊಳೆತ ಆಚೆಗೂ ಇರುತ್ತದೆ ಎಂದೇ ಲೆಕ್ಕ ಹಾಕಿ. ಪ್ಲೈವುಡ್‌ನ ಪದರಗಳ ಎಳೆ ಅಡ್ಡಡ್ಡ ಇರುವುದರಿಂದ ನೀರು ಅವುಗಳೊಳಗೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಬಹುದೂರ ಸಾಗುತ್ತದೆ. ಬಾಲ್ಸಾದ ಎಳೆಯನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ, ಆದ್ದರಿಂದ ಮರದೊಳಗೆ ಪಕ್ಕಕ್ಕೆ ಹರಡುವುದು ನಿಧಾನ. ಆದರೆ ಅದರ ಚೌಕಗಳ ನಡುವಿನ ಸಂದು ಬರಿದಾಗಿದ್ದರೆ ಅದೇ ಕಾಲುವೆಯಾಗುತ್ತದೆ.

ಸಾಲಾಗಿ ತೂತು ಕೊರೆದು ತೆಳು ಎಪಾಕ್ಸಿ ಸುರಿದರೆ ಸಾಕು ಎನ್ನುತ್ತಾರೆ. ಸಾಲದೇ?

ಸಾಲದು. ಹಣ ಉಳಿಸುವ ಆಸೆಯಿಂದ ನಾನೂ ಮೊದಲು ಅದನ್ನೇ ಮಾಡಿದ್ದೆ. ಎರಡನೇ ಮಳೆಗಾಲಕ್ಕೆ ಅದೇ ಜಾಗ ಮತ್ತೆ ಮೆತ್ತಗಾಯಿತು. ಕಿತ್ತು ನೋಡಿದಾಗ, ಸುರಿದ ಎಪಾಕ್ಸಿ ರಾಳ ಪ್ರತಿ ತೂತಿನ ಸುತ್ತ ನಾಣ್ಯದಷ್ಟಗಲ ಗಟ್ಟಿಯಾಗಿ ನಿಂತಿತ್ತು, ನಡುವಿನ ಮರ ಒದ್ದೆ ಗಂಜಿಯಂತಿತ್ತು. ನೀರು ತುಂಬಿದ ಮರದೊಳಗೆ ರಾಳ ಇಳಿಯಲು ಜಾಗವೇ ಇರುವುದಿಲ್ಲ. ಇಳಿದ ಕಡೆ ಅದು ನೀರನ್ನು ಒಳಗೇ ಮುಚ್ಚಿಹಾಕುತ್ತದೆ. ತಿರುಳು ಪೂರ್ತಿ ಒಣಗಿದ್ದು, ಹೊದಿಕೆ ಮಾತ್ರ ಅದರಿಂದ ಬಿಟ್ಟುಕೊಂಡಿದ್ದರೆ ಈ ಉಪಾಯ ಕೆಲಸಕ್ಕೆ ಬರುತ್ತದೆ. ಕೊಳೆತದ್ದನ್ನು ಕಿತ್ತೇ ತೀರಬೇಕು.

ಇಷ್ಟೆಲ್ಲ ಮಾಡುವಷ್ಟು ಬೆಲೆ ಈ ಬೋಟಿಗೆ ಇದೆಯೇ? ಮಾರಿಬಿಡುವುದೇ ಮೇಲೆ?

ಒಡಲು, ಎಂಜಿನ್, ಸ್ಟ್ರಿಂಗರ್ (ಒಡಲಿನ ಉದ್ದಕ್ಕೂ ಓಡುವ ತೊಲೆ): ಈ ಕ್ರಮದಲ್ಲಿ ಪರೀಕ್ಷೆ ಮಾಡಿಸಿ. ಒಡಲು ಕೆಟ್ಟಿದ್ದರೆ ಬಿಟ್ಟುಬಿಡಿ. ಒಡಲೂ ಎಂಜಿನ್ನೂ ಚೆನ್ನಾಗಿದ್ದರೆ ಡೆಕ್ ಎಷ್ಟೇ ಕೊಳೆತಿರಲಿ, ಅದು ಕೈಯಿಂದ ಸರಿಪಡಿಸಬಹುದಾದ ರೋಗ. ಎರಡೂ ನಡುಮಧ್ಯದಲ್ಲಿದ್ದರೆ, ಬೋಟಿನ ಮೇಲಿನ ಪ್ರೀತಿಯನ್ನು ಬದಿಗಿಟ್ಟು ಬೋಟು ಪರೀಕ್ಷಿಸುವ ಅನುಭವಸ್ಥ ಸರ್ವೇಯರ್ ಒಬ್ಬರಿಗೆ ಹಣ ಕೊಟ್ಟು ತೋರಿಸಿ. ಮಾರುವವರು ತಂದುಕೊಟ್ಟ ಸರ್ವೇ ವರದಿಯನ್ನು ನಂಬಬೇಡಿ.

## ಬಿಚ್ಚುವ ಕೆಲಸ

ಮೇಲಿನಿಂದ ಕತ್ತರಿಸಬೇಕೇ, ಕೆಳಗಿನಿಂದಲೇ?

ಕಾಕ್‌ಪಿಟ್ ನೆಲವಾದರೆ ಮೇಲಿನಿಂದ. ರಾಳ ಕೆಳಕ್ಕೆ ಹರಿಯುತ್ತದೆ, ನಿಮ್ಮ ಮುಖದ ಮೇಲೆ ಬೀಳುವುದಿಲ್ಲ. ಮುಂಭಾಗದ ಡೆಕ್ಕಿನ ಮೇಲೆ ಅಚ್ಚಿನಲ್ಲೇ ಮೂಡಿಬಂದ ಅಂದವಾದ ಜಾರದ ವಿನ್ಯಾಸವಿದ್ದು, ಕೊಳೆತ ಭಾಗ ಚಿಕ್ಕದಾಗಿದ್ದರೆ ಮಾತ್ರ ಕೆಳಗಿನಿಂದ ಮಾಡುವ ಯೋಚನೆ ಮಾಡಿ. ತಲೆಯ ಮೇಲೆ ಕೈ ಎತ್ತಿ ಫೈಬರ್ ಹಚ್ಚುವುದು ಬಲು ಕಷ್ಟದ ಕೆಲಸ.

ಅಂಚಿನಲ್ಲಿ ಸುತ್ತಲೂ ಎರಡರಿಂದ ಮೂರು ಇಂಚು ಹಳೆಯ ಹೊದಿಕೆಯನ್ನು ಬಿಟ್ಟು ಕತ್ತರಿಸಿ. ಹೊಸದನ್ನು ಹಳೆಯದಕ್ಕೆ ಬೆಸೆಯಲು ಆ ಅಂಚು ಬೇಕೇ ಬೇಕು. ಅಂಚಿನ ಕೆಳಗೆ ಉಳಿದ ಕೊಳೆತ ಮರವನ್ನು ಉಳಿಯಿಂದ ಕೆತ್ತಿ ತೆಗೆಯಬಹುದು. ಮೇಲಿನ ಹೊದಿಕೆ ಇಡಿಯಾಗಿ ಎದ್ದು ಬಂದರೆ ಎಸೆಯಬೇಡಿ. ಹೊಸ ತಿರುಳನ್ನು ಕತ್ತರಿಸಲು ಅದೇ ಅಳತೆಯ ಮಾದರಿ.

ಗರಗಸ ಹಾಕುವ ಮುನ್ನ ಏನು ಮಾಡಬೇಕು?

ಈ ಉತ್ತರವನ್ನು ದಯವಿಟ್ಟು ಎರಡು ಸಲ ಓದಿ. ಇಂತಹ ಬೋಟುಗಳಲ್ಲಿ ಕಾಕ್‌ಪಿಟ್ ನೆಲದ ಕೆಳಗೆಯೇ ಇಂಧನದ ಟ್ಯಾಂಕ್ ಇರುವುದು ಸಾಮಾನ್ಯ. ಕೆಲವೊಮ್ಮೆ ಡೆಕ್ಕಿಗೂ ಟ್ಯಾಂಕಿಗೂ ನಡುವೆ ಒಂದು ಬೆರಳಿನ ಅಂತರವೂ ಇರುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಬಿಲ್ಜಿನ (ಡೆಕ್ ಕೆಳಗೆ ಒಡಲಿನೊಳಗಿನ ತಗ್ಗು ಜಾಗದ) ತಳದಲ್ಲಿ ಕೂತಿರುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಮಾಡಿದ ಟ್ಯಾಂಕ್ ಹೆಚ್ಚು ಅಪಾಯಕಾರಿ, ಏಕೆಂದರೆ ಅದರ ತುಂಬ ಆವಿಯೇ ಇರುತ್ತದೆ. ಗ್ರೈಂಡರಿನ ಒಂದು ಕಿಡಿ ಸಾಕು.

ಪೆಟ್ರೋಲ್ ಬೋಟಾದರೆ ಟ್ಯಾಂಕನ್ನು ಬರಿದು ಮಾಡಿಸಿ, ಆವಿಯನ್ನು ಹೊರಹಾಕಿಸಿ ಜಡ ಅನಿಲ ತುಂಬಿಸುವ ಕೆಲಸವನ್ನು ಬಲ್ಲವರ ಕೈಗೆ ಒಪ್ಪಿಸಿ. ಬ್ಯಾಟರಿಯ ತಂತಿಗಳನ್ನು ಕಳಚಿ ಬೋಟಿನಿಂದಲೇ ಹೊರಗಿಡಿ. ಅನಿಲ ಪತ್ತೆ ಮಾಡುವ ಸಾಧನವನ್ನು ಬಿಲ್ಜಿನ ತಳಕ್ಕೆ ಇಳಿಸಿ ನೋಡದೆ ಯಾವ ವಿದ್ಯುತ್ ಉಪಕರಣವನ್ನೂ ಚಾಲೂ ಮಾಡಬೇಡಿ. ಡೀಸೆಲ್‌ನಲ್ಲಿ ಅಪಾಯ ಕಡಿಮೆ, ಇಲ್ಲವೆಂದಲ್ಲ.

ಆಮೇಲೆ ಗರಗಸದ ಅಲಗನ್ನು ಮೇಲಿನ ಹೊದಿಕೆಯ ದಪ್ಪಕ್ಕಷ್ಟೇ ಇಳಿಸಿ ಕತ್ತರಿಸಿ. ಕೊಳೆತ ತಿರುಳನ್ನು ಉಳಿ, ಸಲಾಕೆಗಳಿಂದ ಎಬ್ಬಿಸಬಹುದು. ತಂತಿ ಮತ್ತು ಕೊಳವೆಗಳು ಎಲ್ಲಿ ಹಾದಿವೆ ಎಂಬುದನ್ನು ಹ್ಯಾಚಿನೊಳಗೆ ಮೊಬೈಲ್ ಇಳಿಸಿ ಮೊದಲೇ ಚಿತ್ರ ತೆಗೆದಿಟ್ಟುಕೊಳ್ಳಿ.

ಡೆಕ್ ತೆಗೆದರೆ ಬೋಟಿನ ಆಕಾರ ಕೆಡುತ್ತದೆಯೇ?

ಕೆಡಬಹುದು. ಡೆಕ್ ಎಂದರೆ ಪೆಟ್ಟಿಗೆಯ ಮುಚ್ಚಳವಿದ್ದ ಹಾಗೆ. ಅದನ್ನು ತೆಗೆದರೆ ಗೋಡೆಗಳು ಸಡಿಲವಾಗುತ್ತವೆ. ಬೋಟಿನ ಭಾರವೆಲ್ಲ ಕೀಲ್‌ನ (ಒಡಲಿನ ತಳದ ನಡುಗೆರೆಯ) ಕೆಳಗಿನ ದಿಮ್ಮಿಗಳ ಮೇಲಿರಲಿ, ಪಕ್ಕದ ಸ್ಟ್ಯಾಂಡುಗಳು ಬೀಳದಂತೆ ಹಿಡಿಯಲಷ್ಟೇ. ಕತ್ತರಿಸುವ ಮುನ್ನ ಎರಡೂ ಬದಿಯ ಗನ್ವೇಲ್‌ಗಳ (ಪಕ್ಕದ ಗೋಡೆಗಳ ಮೇಲಂಚುಗಳ) ನಡುವಿನ ಅಗಲವನ್ನು ಮೂರು ನಾಲ್ಕು ಕಡೆ ಅಳೆದು ಬರೆದಿಡಿ, ಅಡ್ಡ ಮರಗಳನ್ನು ಬಿಗಿದು ಆ ಅಳತೆಯನ್ನು ಹಿಡಿದಿಡಿ. ಹೊಸ ಡೆಕ್ ಬೆಸೆಯುವ ದಿನ ಅಂಕಿಗಳನ್ನು ಮತ್ತೆ ತಾಳೆ ನೋಡಿ. ಅಂದು ಒಡಲು ಯಾವ ಆಕಾರದಲ್ಲಿರುತ್ತದೋ ಮುಂದೆ ಅದೇ ಅದರ ಆಕಾರ.

ಡೆಕ್ ಎಬ್ಬಿಸಿದಾಗ ಸ್ಟ್ರಿಂಗರ್ ಕೂಡ ಕೊಳೆತಿರುವುದು ಕಂಡಿತು. ಕೈಚೆಲ್ಲಲೇ?

ಬೇಡ. ಇದು ಬಹಳ ಜನರಿಗೆ ಎದುರಾಗುತ್ತದೆ. ಸ್ಟ್ರಿಂಗರ್ ಎಂದರೆ ಒಡಲಿನ ಉದ್ದಕ್ಕೂ ಓಡುವ ತೊಲೆ. ಹಲವು ಬೋಟುಗಳಲ್ಲಿ ಅದೂ ಫೈಬರ್ ಸುತ್ತಿದ ಮರವೇ. ಹಿಂದಿನ ಯಾರೋ ಪಂಪಿನ ತಂತಿ ಕಟ್ಟಲೆಂದು ಅದಕ್ಕೊಂದು ಸ್ಕ್ರೂ ಹಾಕಿ ಬಿಟ್ಟಿರುತ್ತಾರೆ, ಬಿಲ್ಜ್ ನೀರು ಅಲ್ಲಿಂದಲೇ ಒಳಹೊಕ್ಕಿರುತ್ತದೆ.

ಒಂದು ಸಲಕ್ಕೆ ಒಂದೇ ಸ್ಟ್ರಿಂಗರ್ ಕಿತ್ತು ಕಟ್ಟಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಒಡಲು ಜೋಲುತ್ತದೆ. ಎಂಜಿನ್ ಕೂತಿರುವ ಭಾಗವಾದರೆ ಎಂಜಿನ್ ಎತ್ತಲೇಬೇಕು. ನೀರು ಹರಿಯಲು ಬಿಟ್ಟ ಕಿಂಡಿಗಳ ಒಳಗೋಡೆಗಳನ್ನು ಬರಿ ಮರವಾಗಿ ಬಿಡಬೇಡಿ, ಅಲ್ಲಿಯೂ ಫೈಬರ್ ಸುತ್ತಿ. ಡೆಕ್ ಕೆಳಗೆ ತುಂಬಿದ ಹಳದಿ ಫೋಮನ್ನು ಒಂದು ಹಿಡಿ ಕಿತ್ತು ಹಿಂಡಿ ನೋಡಿ. ನೀರು ಸೋರಿದರೆ ಅದೂ ಹೋಗಬೇಕು. ಆದರೆ 20 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ಆ ಫೋಮ್ ಮುಳುಗದಂತೆ ತೇಲಿಸಲು ಅಮೆರಿಕದ ಕಾನೂನಿನ ಪ್ರಕಾರ ಇಟ್ಟದ್ದು. ತೆಗೆದರೆ ಅಷ್ಟೇ ತೇಲುವ ಶಕ್ತಿಯ ಹೊಸ ಫೋಮನ್ನು ತುಂಬಿಸಲೇಬೇಕು.

ಟ್ಯಾಂಕ್ ಸೋರುತ್ತಿಲ್ಲ. ಆದರೂ ಬದಲಿಸಬೇಕೇ?

ನಾಲ್ಕು ದಶಕದ ಅಲ್ಯುಮಿನಿಯಂ ಟ್ಯಾಂಕ್ ಆಗಿದ್ದರೆ ಬದಲಿಸಿ. ಅದನ್ನು ಹೊರತೆಗೆಯಲು ಡೆಕ್ ತೆರೆದಿರುವ ಈ ಕೆಲವು ವಾರಗಳು ಬಿಟ್ಟರೆ ಬೇರೆ ಅವಕಾಶ ಸಿಗುವುದಿಲ್ಲ. ಫೋಮ್ ಅಥವಾ ಒದ್ದೆ ಮರ ಒತ್ತಿಕೊಂಡಿರುವ ಕಡೆ ಅಲ್ಯುಮಿನಿಯಂ ಗುಳಿ ಗುಳಿಯಾಗಿ ಸವೆದಿರುತ್ತದೆ, ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಹೊಸ ಟ್ಯಾಂಕನ್ನು ನೀರು ಹೀರದ ಪಟ್ಟಿಗಳ ಮೇಲೆ ಎತ್ತರಿಸಿ ಕೂರಿಸಿ. ಸುತ್ತ ಗಾಳಿಯಾಡಬೇಕು, ಬಿದ್ದ ನೀರು ನಿಲ್ಲದೆ ಹರಿದು ಹೋಗಬೇಕು.

ಫೈಬರ್ ಪುಡಿಯಿಂದ ಮೈಯೆಲ್ಲ ತುರಿಕೆ. ಏನು ಮಾಡಲಿ?

ತುರಿಕೆಗಿಂತ ಶ್ವಾಸಕೋಶದ ಚಿಂತೆ ಮಾಡಿ. ಪಿ100 ದರ್ಜೆಯ ಫಿಲ್ಟರಿನ ರಬ್ಬರ್ ಮುಖವಾಡವೇ ಬೇಕು, ಬಟ್ಟೆಯ ಮಾಸ್ಕ್ ಏನನ್ನೂ ತಡೆಯುವುದಿಲ್ಲ. ರಾಳದ ಕೆಲಸಕ್ಕೆ ಆವಿ ಹೀರುವ ಬೇರೆ ಕಾರ್ಟ್ರಿಜ್ ಹಾಕಿ. ಇಡೀ ಮೈ ಮುಚ್ಚುವ ಬಿಸಾಡುವ ಸೂಟ್ ತೊಟ್ಟು ಮಣಿಕಟ್ಟಿಗೆ ಟೇಪ್ ಸುತ್ತಿ. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಿನಲ್ಲಿ ತೊಳೆದುಕೊಳ್ಳಿ.

## ಏನನ್ನು ಬಳಸುವುದು

ಪ್ಲೈವುಡ್, ಬಾಲ್ಸಾ, ಫೋಮ್, ಕೂಸಾ: ನೀವಾದರೆ ಯಾವುದನ್ನು ಹಾಕುತ್ತೀರಿ?

ಕಾಕ್‌ಪಿಟ್ ನೆಲಕ್ಕೆ ನಾನು ಹಾಕಿದ್ದು ಕೂಸಾ ಹಲಗೆ. ಅದು ಗಾಜಿನ ನಾರು ಸೇರಿಸಿದ ಪಾಲಿಯುರೆಥೇನ್ ಫೋಮ್; ಕೊಳೆಯಲು ಅದರಲ್ಲಿ ಮರವೇ ಇಲ್ಲ, ಸಾಮಾನ್ಯ ಪ್ಲೈವುಡ್‌ಗಿಂತ ಸುಮಾರು ಮೂರನೇ ಒಂದು ಭಾಗ ಹಗುರ. ಘನ ಅಡಿಗೆ 26 ಪೌಂಡ್ ಸಾಂದ್ರತೆಯ ಬಗೆಯನ್ನು ಆರಿಸಿದೆ, ಭಾರ ಹೊರುವ ನೆಲಕ್ಕೆ ಅದು ತಕ್ಕದ್ದು. ಬೆಲೆ ಮಾತ್ರ ಪ್ಲೈವುಡ್‌ನ ಎಷ್ಟೋ ಪಟ್ಟು.

ಮುಂಭಾಗದ ಡೆಕ್, ಕ್ಯಾಬಿನ್ನಿನ ಚಾವಣಿಗಳಂತೆ ಎತ್ತರದಲ್ಲಿರುವ ಭಾಗಗಳಿಗೆ ಪಿವಿಸಿ ಫೋಮ್ ಅಥವಾ ಬಾಲ್ಸಾ ಒಳ್ಳೆಯದು. ಮೇಲಿನ ಭಾರ ಕಡಿಮೆಯಾದಷ್ಟೂ ಬೋಟಿನ ಹೊರಳಾಟ ಕಡಿಮೆ. ಬಾಲ್ಸಾಕ್ಕೆ ಕೆಟ್ಟ ಹೆಸರು ಬಂದಿದ್ದರೂ ತೂಕಕ್ಕೆ ಹೋಲಿಸಿದರೆ ಅದರಷ್ಟು ಗಟ್ಟಿಯಾದ ತಿರುಳು ಕಡಿಮೆ. ಅದನ್ನು ಕೆಡಿಸಿದ್ದು ತಿರುಪು ಹಾಕಿದವರು.

ಪ್ಲೈವುಡ್ ಬೇಡವೆಂದು ನಾನು ಹೇಳುವುದಿಲ್ಲ. ಒಳ್ಳೆಯ ಮರೈನ್ ಪ್ಲೈವುಡ್‌ಗೆ ಆರೂ ಮೈಗೆ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ರಾಳ ಕುಡಿಸಿ ಹಾಕಿದರೆ ಇನ್ನೊಂದು ತಲೆಮಾರು ಬಾಳುತ್ತದೆ. ಒಂದು ತಪ್ಪು ತಿಳಿವಳಿಕೆ ಬೇಡ: ಬಿಎಸ್ 1088 ಎಂಬ ಗುರುತು ಅಂಟಿನ ಬಗ್ಗೆ, ಪದರಗಳಲ್ಲಿ ಪೊಳ್ಳು ಇಲ್ಲದಿರುವುದರ ಬಗ್ಗೆ ಭರವಸೆ ಕೊಡುತ್ತದೆ. ಮರ ಕೊಳೆಯುವುದಿಲ್ಲ ಎಂಬ ಭರವಸೆ ಅದರಲ್ಲಿಲ್ಲ.

ಅಂಗಡಿಯಲ್ಲಿ ಸಿಗುವ ಔಷಧಿ ಹೊಡೆದ ಹಸಿರು ಪ್ಲೈವುಡ್ ಅಗ್ಗ. ಅದು ಕೊಳೆಯುವುದೂ ಇಲ್ಲವಲ್ಲ?

ಕೊಳೆಯುವುದಿಲ್ಲ, ಆದರೆ ಎರಡು ತೊಂದರೆಗಳಿವೆ. ಅಂಗಡಿಯಿಂದ ಬರುವಾಗ ಅದು ಬಹಳ ಒದ್ದೆಯಾಗಿರುತ್ತದೆ. ವಾರಗಟ್ಟಲೆ ಒಣಗಿಸದೆ ಫೈಬರ್ ಹೊದಿಸಿದರೆ ಹೊದಿಕೆ ಬಿಟ್ಟುಕೊಳ್ಳುತ್ತದೆ. ಎರಡನೆಯದು, ಆ ಔಷಧಿಯಲ್ಲಿ ತಾಮ್ರವಿದೆ. ತೇವವಿದ್ದಲ್ಲಿ ತಾಮ್ರ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಕೆಳಗೆ ಅಲ್ಯುಮಿನಿಯಂ ಟ್ಯಾಂಕ್ ಇರುವ ಡೆಕ್ಕಿಗೆ ಅದನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಎಪಾಕ್ಸಿ ಒಳ್ಳೆಯದೋ, ಪಾಲಿಯೆಸ್ಟರ್ ರಾಳವೋ?

ಹೊಸ ಬೋಟನ್ನು ಅಚ್ಚಿನಲ್ಲಿ ಹಾಕುವುದಾದರೆ ಪಾಲಿಯೆಸ್ಟರ್ ಸಾಕು. ಹಳೆಯದಕ್ಕೆ ಹೊಸದನ್ನು ಬೆಸೆಯುವಾಗ ಎಪಾಕ್ಸಿಯ ಹಿಡಿತ ಬಿಗಿ. ಒಂದು ಸಲ ಗಟ್ಟಿಯಾದ ಹಳೆಯ ಪದರದ ಮೇಲೆ ಪಾಲಿಯೆಸ್ಟರ್ ಅಂಟಿ ಕೂರುತ್ತದೆ, ಬೆರೆಯುವುದಿಲ್ಲ. ವಿನೈಲ್ ಎಸ್ಟರ್ ರಾಳ ಇವೆರಡರ ನಡುವೆ.

ಎಪಾಕ್ಸಿ ಆರಿಸಿದರೆ ಗಾಜಿನ ನಾರಿನ ಬಟ್ಟೆಯನ್ನೂ ನೋಡಿ ಕೊಳ್ಳಬೇಕು. ಫೈಬರ್‌ಗ್ಲಾಸಿನ ಸಾಮಾನ್ಯ ಚಾಪೆಯಲ್ಲಿ (ಮ್ಯಾಟ್) ನಾರುಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ನಿಂದ ಮಾತ್ರ ಕರಗುತ್ತದೆ. ಎಪಾಕ್ಸಿಗೆ 1708 ಎಂದು ಮಾರುವ, ಹೊಲಿಗೆಯಿಂದ ಕೂಡಿಸಿದ ಬಟ್ಟೆ ಸರಿಹೋಗುತ್ತದೆ. ಎಪಾಕ್ಸಿ ಗಟ್ಟಿಯಾದ ಮೇಲೆ ಮೇಣದಂತಹ ಪೊರೆ ಮೇಲೇಳುತ್ತದೆ. ಅದನ್ನು ನೀರು ಮತ್ತು ಒರಟು ಪ್ಯಾಡಿನಿಂದ ಉಜ್ಜಿ ತೊಳೆದ ಮೇಲೆಯೇ ಮರಳುಕಾಗದ ಹಿಡಿಯಿರಿ. ಮೊದಲೇ ಉಜ್ಜಿದರೆ ಆ ಪೊರೆಯನ್ನು ಒಳಕ್ಕೆ ತಿಕ್ಕಿದಂತಾಗಿ ಮುಂದಿನ ಪದರ ಹಿಡಿಯುವುದಿಲ್ಲ.

ಪಾಲಿಯೆಸ್ಟರ್ ಗಟ್ಟಿಯಾಗಿಸಲು ಶೇಕಡಾ 1ರಿಂದ 2ರಷ್ಟು ಹಾಕುವ ವೇಗವರ್ಧಕ ದ್ರವ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕವಿಲ್ಲದೆ ಆ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಮಲ್ಪೆಯಲ್ಲಿ ನಮ್ಮದು ಮರದ ಹಲಗೆಯ ಬೋಟು. ಡೆಕ್ ಮೇಲೆ ಫೈಬರ್ ಹೊದಿಸಿದರೆ ಕೊಳೆಯುವುದು ನಿಲ್ಲುತ್ತದೆಯೇ?

ಕೊಳೆತ ಹಲಗೆಯ ಮೇಲೆ ಹೊದಿಸಿದರೆ ಇನ್ನೂ ಬೇಗ ಕೊಳೆಯುತ್ತದೆ. ಹಲಗೆ ಹಲಗೆಯಾಗಿ ಜೋಡಿಸಿದ ಡೆಕ್ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹೊದಿಕೆ ಆ ಚಲನೆಯನ್ನು ತಾಳಲಾರದೆ ಸಂದಿನಲ್ಲಿ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಹೊರಬರುವುದಿಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ದೋಣಿಗಳನ್ನು ದಡಕ್ಕೆಳೆದು ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದ ಹಿರಿಯರು ಮರವನ್ನು ಉಸಿರಾಡಲು ಬಿಟ್ಟೇ ಕಾಪಾಡುತ್ತಿದ್ದರು. ಫೈಬರ್ ಬೇಕೆಂದಿದ್ದರೆ ಹಲಗೆ ತೆಗೆದು ಪ್ಲೈವುಡ್ ಹಾಸಿ ಅದರ ಮೇಲೆ ಹೊದಿಸಿ. ಊರಿನಲ್ಲಿ ಕೊಳ್ಳುವಾಗ ಐಎಸ್ 710 ಗುರುತನ್ನು ಹಲಗೆಯ ಮೇಲೆಯೇ ನೋಡಿ. ಬಿಲ್ಲಿನ ಮೇಲೆ ಬರೆದದ್ದು ಸಾಲದು.

## ಕಟ್ಟುವ ಕೆಲಸ

ಹೊಸ ಡೆಕ್ಕನ್ನು ಯಾವ ಕ್ರಮದಲ್ಲಿ ಕೂರಿಸಬೇಕು?

ಉಳಿಸಿಕೊಂಡ ಅಂಚನ್ನು ಇಳಿಜಾರಾಗಿ ಉಜ್ಜಿ. ಹೊದಿಕೆ 3 ಮಿಲಿಮೀಟರ್ ದಪ್ಪವಿದ್ದರೆ ಇಳಿಜಾರು 36 ಮಿಲಿಮೀಟರ್ ಅಗಲ, ಅಂದರೆ ಒಂದಕ್ಕೆ ಹನ್ನೆರಡು. ಉಜ್ಜುವ ಮೊದಲು ಅಸಿಟೋನ್‌ನಿಂದ ಒರೆಸಿ, ಇಲ್ಲವಾದರೆ ಹಳೆಯ ಮೇಣ ನಾರಿನೊಳಗೆ ಸೇರುತ್ತದೆ.

ತಿರುಳಿನ ಹಲಗೆಗಳನ್ನು ಒಣದಾಗಿ ಜೋಡಿಸಿ ನೋಡಿ, ನಂಬರ್ ಹಾಕಿ, ಹೊರತೆಗೆಯಿರಿ. ಮೊದಲು ಹಲಗೆಯ ಕೆಳಮೈಗೂ ಕೂರುವ ಜಾಗಕ್ಕೂ ನೀರುದೋಸೆ ಹಿಟ್ಟಿನಂತಹ ತೆಳು ಎಪಾಕ್ಸಿ ಬಳಿದು ಕುಡಿಯಲು ಬಿಡಿ. ಆಮೇಲೆ ಸಿಲಿಕಾ ಪುಡಿ ಬೆರೆಸಿ ಉದ್ದಿನವಡೆ ಹಿಟ್ಟಿನ ಹದಕ್ಕೆ ತಂದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಹರಡಿ. ಗಾಳಿ ಹೊರಹೋಗಲು ಹಲಗೆಯಲ್ಲಿ ಸಣ್ಣ ತೂತುಗಳನ್ನು ಕೊರೆದಿಟ್ಟಿರಬೇಕು. ಹಲಗೆ ಒತ್ತಿದಾಗ ಆ ತೂತುಗಳಿಂದ ಅಂಟು ಇಣುಕಿದರೆ ಕೆಳಗೆ ಪೊಳ್ಳು ಉಳಿದಿಲ್ಲ ಎಂದರ್ಥ. ಮೇಲೆ ಭಾರ ಹೇರಿ. ಒತ್ತಿ ಹಿಡಿಯಲು ಸ್ಕ್ರೂ ಹಾಕಿದ್ದರೆ ಗಟ್ಟಿಯಾದ ಮೇಲೆ ಎಲ್ಲವನ್ನೂ ತೆಗೆದು ತೂತು ತುಂಬಿ.

ಮರುದಿನ ಬಟ್ಟೆ. ನಾನು 19 ಮಿಲಿಮೀಟರ್ ಹಲಗೆಯ ಮೇಲೆ 1708ರ ಎರಡು ಪದರ ಹಾಕಿದೆ, ಕೆಳಮೈಗೆ ಮೊದಲೇ ಒಂದು ಪದರ. ಗೋಡೆಗೆ ಸೇರುವ ಮೂಲೆಯಲ್ಲಿ ಗಟ್ಟಿ ಅಂಟಿನಿಂದ ದುಂಡನೆಯ ತಿರುವು ಕೊಟ್ಟು ಬಟ್ಟೆಯನ್ನು ಗೋಡೆಯ ಮೇಲೂ ಹತ್ತಿಸಿದೆ. ಚೂಪು ಮೂಲೆಯಲ್ಲಿ ಬಟ್ಟೆ ಎದ್ದು ನಿಂತು ಗಾಳಿ ಸೇರಿಕೊಳ್ಳುತ್ತದೆ. ಡೆಕ್ ಹಿಂಬದಿಗೆ, ನೀರು ಹೊರಹೋಗುವ ಸ್ಕಪ್ಪರ್ ಕಿಂಡಿಗಳ ಕಡೆಗೆ ಸ್ವಲ್ಪ ವಾಲುವಂತೆ ನೋಡಿಕೊಳ್ಳಿ. ನೀರು ನಿಂತರೆ ಅದು ಒಂದು ದಿನ ಸಂದು ಹುಡುಕಿಯೇ ಹುಡುಕುತ್ತದೆ.

ಕಲಸಿದ ಎಪಾಕ್ಸಿ ಬಕೆಟ್‌ನಲ್ಲೇ ಹೊಗೆಯಾಡಿ ಕಲ್ಲಾಯಿತು. ಎಲ್ಲಿ ತಪ್ಪಿದೆ?

ಬಕೆಟ್‌ನಲ್ಲಿ ಇಟ್ಟದ್ದೇ ತಪ್ಪು. ಗಟ್ಟಿಯಾಗುವಾಗ ರಾಳ ತಾನೇ ಬಿಸಿಯಾಗುತ್ತದೆ, ರಾಶಿಯಾಗಿದ್ದರೆ ಬಿಸಿ ಹೊರಹೋಗದು. ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿಯಿರಿ, ಒಂದು ಸಲಕ್ಕೆ ಸ್ವಲ್ಪವೇ ಕಲಸಿ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೈಗೆ ಸಿಗುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ನಿಧಾನಗತಿಯ ಹಾರ್ಡ್‌ನರ್ ಕೊಳ್ಳಿ, ಬೆಳಗಿನ ಜಾವ ಕೆಲಸ ಮುಗಿಸಿ. ಬೇಗ ಒಣಗಲಿ, ನಿಧಾನವಾಗಲಿ ಎಂದು ಎಪಾಕ್ಸಿಯ ಪ್ರಮಾಣವನ್ನು ಎಂದಿಗೂ ಬದಲಿಸಬೇಡಿ. ಅದು ಅಡುಗೆಯ ಉಪ್ಪಲ್ಲ.

ಫೈಟಿಂಗ್ ಚೇರ್ ಕೂರಿಸಬೇಕು. ಡೆಕ್ ತಾಳುತ್ತದೆಯೇ?

ಬರಿಯ ಡೆಕ್ ತಾಳುವುದಿಲ್ಲ. ದೊಡ್ಡ ಮಾರ್ಲಿನ್ ಅಥವಾ ಕೇದರ (ಟ್ಯೂನಾ) ಮೀನು ಎಳೆಯುವಾಗ ಕುರ್ಚಿಯ ಕಂಬ ಡೆಕ್ಕನ್ನು ಒಂದು ಬದಿಯಲ್ಲಿ ಕೆಳಕ್ಕೆ ಒತ್ತಿ ಇನ್ನೊಂದು ಬದಿಯಲ್ಲಿ ಮೇಲಕ್ಕೆ ಕೀಳುತ್ತದೆ. ಕುರ್ಚಿ ನಿಲ್ಲುವ ಜಾಗದಲ್ಲಿ ಹಗುರ ಫೋಮ್ ಬೇಡ, ಗಟ್ಟಿ ಹಲಗೆ ಅಥವಾ ಪೂರ್ತಿ ಫೈಬರ್ ಹಾಕಿ. ಅದರ ಕೆಳಗೆ ದಪ್ಪ ಅಲ್ಯುಮಿನಿಯಂ ಫಲಕವನ್ನಿಟ್ಟು ಭಾರ ಸ್ಟ್ರಿಂಗರ್‌ಗಳ ಮೇಲೆ ಹಂಚಿಹೋಗುವಂತೆ ಕಟ್ಟಿ. ಡೆಕ್ ಮುಚ್ಚುವ ಮೊದಲೇ ಇದನ್ನು ನಿರ್ಧರಿಸಬೇಕು. ನನಗೆ ಕುರ್ಚಿ ಬೇಡ ಎನ್ನುವವರೂ ಫಲಕವನ್ನು ಹಾಕಿಡಿ, ಮುಂದೆ ಕೊಳ್ಳುವವರು ಕೇಳುತ್ತಾರೆ.

ಕ್ಲೀಟ್, ಹ್ಯಾಚುಗಳನ್ನು ಮತ್ತೆ ಕೂರಿಸುವಾಗ ಒಳ್ಳೆಯ ಸೀಲಂಟ್ ಹಚ್ಚಿದರೆ ಸಾಕಲ್ಲವೇ?

ಸಾಲದು. ಇಡೀ ಕೆಲಸ ಉಳಿಯುವುದೋ ಹಾಳಾಗುವುದೋ ತೀರ್ಮಾನವಾಗುವುದು ಇಲ್ಲಿಯೇ. ಯಾವ ಸೀಲಂಟ್ ಆದರೂ ಒಂದು ದಿನ ಸೋಲುತ್ತದೆ. ಅದು ಸೋತ ದಿನವೂ ನೀರು ತಿರುಳನ್ನು ಮುಟ್ಟಬಾರದು ಎಂಬಂತೆ ತೂತನ್ನು ಕಟ್ಟಬೇಕು.

6 ಮಿಲಿಮೀಟರ್ ಬೋಲ್ಟ್ ಹಾಕುವುದಾದರೆ ಮೊದಲು ಅದರ ಎರಡರಷ್ಟು ಅಗಲದ ತೂತು ಕೊರೆಯಿರಿ. ಬಾಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಹಾಕಿ ಸುತ್ತಿಸಿದರೆ ಎರಡು ಹೊದಿಕೆಗಳ ನಡುವಿನ ತಿರುಳು ಇನ್ನಷ್ಟು ಅಗಲಕ್ಕೆ ಕೆರೆದು ಬರುತ್ತದೆ. ಕೆಳಗೆ ಟೇಪ್ ಅಂಟಿಸಿ, ಒಳಗೋಡೆಗೆ ತೆಳು ಎಪಾಕ್ಸಿ ಸವರಿ, ಮೇಲೆ ಗಟ್ಟಿ ಎಪಾಕ್ಸಿ ತುಂಬಿ. ಕಲ್ಲಾದ ಮೇಲೆ ಅದರ ನಟ್ಟನಡುವೆ 6 ಮಿಲಿಮೀಟರ್ ತೂತು ಕೊರೆಯಿರಿ. ಈಗ ಬೋಲ್ಟ್ ಹಾದುಹೋಗುವುದು ಎಪಾಕ್ಸಿಯ ಕೊಳವೆಯೊಳಗೆ; ಬಿಗಿದರೆ ತಿರುಳು ಕುಗ್ಗುವುದೂ ಇಲ್ಲ. ತೂತಿನ ಬಾಯನ್ನು ಸ್ವಲ್ಪ ಅಗಲಿಸಿ ಮೆತ್ತನೆಯ ಜಿಗುಟು ರಬ್ಬರಿನಂತಹ ಬ್ಯುಟೈಲ್ ಟೇಪನ್ನು ಬೋಲ್ಟಿನ ಕೊರಳಿಗೆ ಸುತ್ತಿ, ನಾಲ್ಕೈದು ದಿನ ದಿನಕ್ಕಿಷ್ಟಿಷ್ಟು ಬಿಗಿಯುತ್ತ ಬನ್ನಿ.

ಇಂಧನದ ಮುಚ್ಚಳದ ಬಳಿ ಬ್ಯುಟೈಲ್ ಬೇಡ, ಪೆಟ್ರೋಲಿಗೆ ಕರಗುತ್ತದೆ, ಅಲ್ಲಿ ಪಾಲಿಸಲ್ಫೈಡ್ ಸೀಲಂಟ್. ಪಾಲಿಸಲ್ಫೈಡನ್ನು ಪ್ಲಾಸ್ಟಿಕ್ ಭಾಗಗಳಿಗೆ ಹಚ್ಚಬೇಡಿ, ಕೆಲವನ್ನು ಅದು ತಿನ್ನುತ್ತದೆ. 3ಎಂ ಕಂಪನಿಯ 5200ರಂತಹ ಶಾಶ್ವತ ಅಂಟನ್ನು ಮುಂದೆ ಬಿಚ್ಚಬೇಕಾದ ಯಾವುದಕ್ಕೂ ಬಳಸಬೇಡಿ. ಸಿಲಿಕೋನನ್ನು ಡೆಕ್ಕಿನ ಹತ್ತಿರವೂ ತರಬೇಡಿ. ಅದು ಮುಟ್ಟಿದ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ.

ನನ್ನ ಬೋಟಿನಲ್ಲಿ ಹಳೆಯ ಮಾಲೀಕರೆಲ್ಲ ಸೇರಿ ಕೊರೆದ ತೂತುಗಳನ್ನು ಎಣಿಸಿದೆ: ಕಾಕ್‌ಪಿಟ್ ಒಂದರಲ್ಲೇ 83. ಹೊಸ ಡೆಕ್ಕಿನಲ್ಲಿ 26 ಮಾತ್ರ ಉಳಿಸಿದೆ. ಬೇಡದ ಸಾಮಾನನ್ನು ತಿರುಗಿ ಕೂರಿಸದಿರುವುದು ಎಲ್ಲ ಸೀಲಂಟುಗಳಿಗಿಂತ ಮಿಗಿಲು.

ತೇಗದ ಡೆಕ್ ಬೇಕೆಂದು ಬಹಳ ಆಸೆ. ಹಾಕಬಹುದೇ?

ಆಸೆ ಅರ್ಥವಾಗುತ್ತದೆ, ಒದ್ದೆ ಕಾಲಿಗೆ ತೇಗದಷ್ಟು ಹಿತವಾದ ನೆಲ ಇನ್ನೊಂದಿಲ್ಲ. ಹಳೆಯ ಕ್ರಮದಂತೆ ಸ್ಕ್ರೂ ಹಾಕಿ ಕೂರಿಸಬೇಡಿ. ಹಾಗೆ ಹಾಕಿದ ಡೆಕ್ಕಿನಲ್ಲಿ ನೂರಾರು ತೂತುಗಳಿರುತ್ತವೆ. ತೇಗ ಸವೆದಂತೆ ಒಂದೊಂದು ಸ್ಕ್ರೂವಿನ ತಲೆಯೂ ಬಯಲಾಗಿ ನೀರನ್ನು ನೇರ ತಿರುಳಿಗೆ ಇಳಿಸುತ್ತದೆ. ಅಂಟಿನಿಂದಲೇ ಕೂರಿಸಿ, ಭಾರ ಇಟ್ಟು ಒತ್ತಿ.

ಕೊನೆಗೆ ಮೇಲೆ ಏನು ಬಳಿಯಬೇಕು?

ಎಪಾಕ್ಸಿಯ ಮೇಲೆ ಜೆಲ್‌ಕೋಟ್ (ಫೈಬರ್ ಬೋಟುಗಳ ಹೊಳಪಿನ ಹೊರಪದರ) ನಂಬುವಂತೆ ಹಿಡಿಯುವುದಿಲ್ಲ. ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಬಣ್ಣ, ಓಡಾಡುವ ಜಾಗಕ್ಕೆ ಜಾರದ ಕಣಗಳು. ಈ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ. ಹೊರಗಿನಿಂದ ಗಾಳಿ ಪೂರೈಸುವ ಮುಖವಾಡವಿಲ್ಲದೆ ಸ್ಪ್ರೇ ಮಾಡಬೇಡಿ. ರೋಲರಿನಿಂದ ಬಳಿದು ಬ್ರಷ್ಷಿನ ತುದಿಯಿಂದ ನಯಗೊಳಿಸಿದರೂ ಚೆನ್ನಾಗಿಯೇ ಬರುತ್ತದೆ. ತಿಳಿ ಬಣ್ಣವನ್ನೇ ಆರಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಗಾಢ ಬಣ್ಣದ ಡೆಕ್ ಅಂಗಾಲನ್ನು ಸುಡುತ್ತದೆ.

ಒಬ್ಬರೇ ಮಾಡಬಹುದೇ? ಎಷ್ಟು ಕಾಲ ಹಿಡಿಯುತ್ತದೆ?

ವಾರಾಂತ್ಯಗಳಲ್ಲಿ ಮಾತ್ರ ಕೆಲಸ ಮಾಡಿ ನನಗೆ ನವೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ ಹಿಡಿಯಿತು. ಫ್ಲಾರಿಡಾದಲ್ಲಿ ಮಳೆ ಕಡಿಮೆ ಇರುವ ಆರು ತಿಂಗಳು ಅವು. ಕೀಳುವುದು, ಉಜ್ಜುವುದು ಒಬ್ಬರ ಕೈಲಾಗುವ ಕೆಲಸ. ದೊಡ್ಡ ಹಲಗೆ ಕೂರಿಸುವ ದಿನ, ಬಟ್ಟೆ ಹಾಸುವ ದಿನ ಇನ್ನೊಬ್ಬರು ಇರಲೇಬೇಕು: ಒಬ್ಬರು ಕಲಸಬೇಕು, ಒಬ್ಬರು ಹಚ್ಚಬೇಕು. ಪ್ರತಿ ಹಂತದ ಚಿತ್ರಗಳನ್ನು ದಿನಾಂಕದೊಡನೆ ತೆಗೆದಿಡಿ. ವಿಮೆಯವರೂ ಮುಂದೆ ಕೊಳ್ಳುವವರೂ ಅವನ್ನೇ ಕೇಳುತ್ತಾರೆ.

ಹೊಸ ಡೆಕ್ ಆದ ಮೇಲೆ ಪ್ರತಿ ವರ್ಷ ಏನನ್ನು ನೋಡಿಕೊಳ್ಳಬೇಕು?

ಮಳೆಗಾಲ ಮುಗಿದ ಮೇಲೆ ಒಮ್ಮೆ ಸುತ್ತಿಗೆ ಹಿಡಿದು ತಟ್ಟಿ, ಸದ್ದು ಬದಲಾದ ಕಡೆ ಗುರುತು ಹಾಕಿ ಹಿಂದಿನ ಸಲದ್ದರೊಡನೆ ಹೋಲಿಸಿ. ಸ್ಕಪ್ಪರ್‌ಗಳಲ್ಲಿ ಕಸ ಸೇರಿ ನೀರು ನಿಲ್ಲುತ್ತಿದೆಯೇ ನೋಡಿ. ಕ್ಲೀಟ್ ಹಿಡಿದು ಜಗ್ಗಿ. ಕೂದಲೆಳೆಯಷ್ಟು ಅಲುಗಿದರೂ ಬಿಚ್ಚಿ ಮತ್ತೆ ಕೂರಿಸಿ. ಬೋಟು ನಿಂತಿರುವಾಗ ಮೇಲೊಂದು ಹೊದಿಕೆ ಇರಲಿ, ಅದರ ಕೆಳಗೆ ಗಾಳಿಯೂ ಆಡಲಿ. ಕಳೆದ ನವೆಂಬರ್‌ನಲ್ಲಿ ನಾನು ಹಿಂದಿನ ಎಡಬದಿಯ ಕ್ಲೀಟನ್ನು ಪರೀಕ್ಷೆಗೆಂದೇ ಬಿಚ್ಚಿದೆ. ಬ್ಯುಟೈಲ್ ಇನ್ನೂ ಮೆತ್ತಗಿತ್ತು, ತೂತಿನ ಒಳಗೋಡೆಗೆ ಬೆರಳಿಟ್ಟರೆ ಒಣಗಿತ್ತು. ಹೊಸ ಟೇಪ್ ಸುತ್ತಿ ಮತ್ತೆ ಬಿಗಿದೆ.